ಹೆರಿಗೆ ಕೋಣೆಯಲ್ಲಿ ಉಳಿದ ಕಿಡ್ನಿ

ಈ ಶತಮಾನದ ಆರಂಭದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಮಿಸ್ಸೌರಿಯ ಸಂಶೋಧಕರ ಜೊತೆಗೂಡಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿಸಿದರು. ಕೂಸು ಹೊರಬಂದ ಕೂಡಲೆ ಅದನ್ನು ಬಾಣಂತಿಯ ಕೆಳಗೆ ಸರಿಸಿ, ಮೇಲ್ತುದಿಯ ಪಟ್ಟಿಗಳನ್ನು ಅವಳ ಸೊಂಟಕ್ಕೆ ಕಟ್ಟಬೇಕು. ಹಾಳೆಯ ಕೆಳತುದಿ ಆಲಿಕೆಯ ಹಾಗೆ ಕಿರಿದಾಗುತ್ತ ಹೋಗಿ ಒಂದು ಚೀಲವಾಗುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳಿವೆ. ಹರಿದ ರಕ್ತ ಅಲ್ಲಿ ಬಂದು ನಿಲ್ಲುತ್ತದೆ, ಎಷ್ಟು ಮಿಲಿಲೀಟರ್ ಹೋಯಿತೆಂದು ಯಾರು ಬೇಕಾದರೂ ಓದಬಹುದು. ರೂಪಿಸಿದವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ಬ್ರಾಸ್-ವಿ ಡ್ರೇಪ್ ಎಂದು ಕರೆದರು. ಅಲ್ಲಿಯ ತನಕ ಹಳ್ಳಿಯ ಹೆರಿಗೆಯಲ್ಲಿ ರಕ್ತವನ್ನು ಅಳೆದವರೇ ಇರಲಿಲ್ಲ. ಸೀರೆ ನೆನೆದದ್ದನ್ನೋ ನೆಲ ಒದ್ದೆಯಾದದ್ದನ್ನೋ ನೋಡಿ ಸೂಲಗಿತ್ತಿ ಒಂದು ಅಂದಾಜು ಹೇಳುತ್ತಿದ್ದಳು, ನರ್ಸಬಾಯಿ ಇನ್ನೊಂದು ಹೇಳುತ್ತಿದ್ದಳು. ಕಣ್ಣಂದಾಜನ್ನೂ ಈ ಹಾಳೆಯ ಅಳತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಅಂದಾಜು ಅಳತೆಗಿಂತ 100ಕ್ಕೆ 33ರಷ್ಟು ಕಡಿಮೆ ಬಂತು. ನುರಿತವರ ಕಣ್ಣೂ ಹೋದ ರಕ್ತದ ಮೂರನೆಯ ಒಂದು ಪಾಲನ್ನು ಕಾಣದೆ ಬಿಡುತ್ತಿತ್ತು ಎಂದಾಯಿತು. ಕಿಡ್ನಿ ವೈದ್ಯದ ಇತಿಹಾಸ ಬರೆದವರು ಈ ಹಾಳೆಯ ಹೆಸರೆತ್ತುವುದಿಲ್ಲ. ಹೆರಿಗೆ ಶಾಸ್ತ್ರದ ಸಾಮಾನು ಅದು, ನಮಗೇಕೆ ಎಂಬ ಭಾವ. ಬಡ ದೇಶಗಳಲ್ಲಿ ಕಿಡ್ನಿ ಉಳಿಸಲು ಜಗತ್ತು ಕಳೆದ ಆರೇಳು ದಶಕಗಳಲ್ಲಿ ಮಾಡಿದ್ದನ್ನು ಬೆಳಗಾವಿ ಜಿಲ್ಲೆಯ ನಂದಗಡದಂಥ ಊರಿನಿಂದ ನೋಡಿದರೆ, ಆ ಇತಿಹಾಸದ ಬಹುಮುಖ್ಯ ಅಧ್ಯಾಯ ಈ ಹಾಳೆಯ ಸುತ್ತ ಇದೆ ಎಂಬುದು ನನ್ನ ವಾದ.

ಎಲ್ಲರೂ ಹೇಳುವ ಇತಿಹಾಸ ಯಂತ್ರದಿಂದ ಶುರುವಾಗುತ್ತದೆ. 1943ರಲ್ಲಿ, ಜರ್ಮನ್ನರ ವಶದಲ್ಲಿದ್ದ ನೆದರ್ಲೆಂಡ್ಸಿನ ಕಾಂಪೆನ್ ಎಂಬ ಊರಲ್ಲಿ ವಿಲೆಮ್ ಕೋಲ್ಫ್ ಮನುಷ್ಯರ ಮೇಲೆ ಕೃತಕ ಕಿಡ್ನಿ ಬಳಸಿದ. 1960ರಲ್ಲಿ ಸಿಯಾಟಲ್‌ನ ಸ್ಕ್ರಿಬ್ನರ್ ರೋಗಿಯ ತೋಳಿನಲ್ಲೇ ಉಳಿಯುವ ಕೊಳವೆ ಅಳವಡಿಸಿದ. ಒಂದೆರಡು ಸಲ ಮಾತ್ರ ಮಾಡಬಹುದಾಗಿದ್ದ ಡಯಾಲಿಸಿಸ್ಸನ್ನು ವರ್ಷಗಟ್ಟಲೆ ಮಾಡಲು ಸಾಧ್ಯವಾಯಿತು. ಅದೇ 1960ರಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ ಕಿಡ್ನಿ ತಜ್ಞರ ಮೊದಲ ಜಾಗತಿಕ ಸಮ್ಮೇಳನ ಸೇರಿತು, ಅಂತಾರಾಷ್ಟ್ರೀಯ ನೆಫ್ರಾಲಜಿ ಸೊಸೈಟಿ ಹುಟ್ಟಿತು. ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಜೀವಂತ ದಾನಿಯ ಕಿಡ್ನಿಯನ್ನು ಯಶಸ್ವಿಯಾಗಿ ಕಸಿ ಮಾಡಿತು, ಚಂಡೀಗಡದಲ್ಲಿ ಕೆ. ಎಸ್. ಚುಘ್ ಒಂದಿಡೀ ಪೀಳಿಗೆಯ ತಜ್ಞರನ್ನು ತಯಾರು ಮಾಡಿದರು. 1980ರ ದಶಕದಲ್ಲಿ ಸೊಸೈಟಿ ಬಡ ದೇಶಗಳ ಎಳೆಯ ವೈದ್ಯರಿಗೆ ಫೆಲೊಶಿಪ್ ಕೊಡತೊಡಗಿತು. 90ರ ದಶಕದಲ್ಲಿ ಕಾಮ್‌ಗ್ಯಾನ್ ಎಂಬ ಆಯೋಗ ರಚಿಸಿ, ಕೆನಡಾದ ಜಾನ್ ಡರ್ಕ್ಸ್ ಮೊದಲಾದವರ ಮುಂದಾಳುತನದಲ್ಲಿ ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕಗಳಲ್ಲಿ ತರಗತಿ ನಡೆಸಿತು. ಶ್ರೀಮಂತ ದೇಶದ ಒಂದು ಆಸ್ಪತ್ರೆಗೆ ಬಡ ದೇಶದ ಇನ್ನೊಂದನ್ನು ಜೋಡಿಸಿ ಸೋದರಿ ಕೇಂದ್ರಗಳೆಂದು ಕರೆಯಿತು. 2006ರಿಂದ ಮಾರ್ಚ್ ತಿಂಗಳ ಎರಡನೆಯ ಗುರುವಾರ ವಿಶ್ವ ಕಿಡ್ನಿ ದಿನ. ಇವೆಲ್ಲ ನಿಜವಾದ ಕೆಲಸಗಳೇ. ನೂರಾರು ವೈದ್ಯರು ಕಲಿತು ತಮ್ಮ ದೇಶಗಳಿಗೆ ಮರಳಿದರು, ವಿಭಾಗಗಳನ್ನು ಕಟ್ಟಿದರು. ಆದರೆ ಆ ವಿಭಾಗಗಳೆಲ್ಲ ದೊಡ್ಡ ಊರುಗಳಲ್ಲಿ ಎದ್ದವು. ಭಾರತದಲ್ಲಿ ಇಂದಿಗೂ ಹತ್ತು ಲಕ್ಷ ಜನರಿಗೆ ಎರಡು-ಮೂರು ಮಂದಿ ಕಿಡ್ನಿ ತಜ್ಞರಿದ್ದಾರೆ, ಅವರಲ್ಲೂ ಬಹುಪಾಲು ಮಂದಿ ಮಹಾನಗರಗಳಲ್ಲಿ.

ನಂದಗಡ ಆ ನಕ್ಷೆಯಲ್ಲಿ ಬರುವುದಿಲ್ಲ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರೆಂದು ನಾಡಿಗೆಲ್ಲ ಅದು ಗೊತ್ತು. ಬ್ರಿಟಿಷರ ಇಂಪೀರಿಯಲ್ ಗೆಜೆಟಿಯರ್‌ಗೆ ಮಾತ್ರ ಅದು ಪೇಟೆಯ ಊರು: ಬೆಳಗಾವಿಯಿಂದ ದಕ್ಷಿಣಕ್ಕೆ 23 ಮೈಲು, ಗೋವೆಯಿಂದ ತೆಂಗಿನಕಾಯಿ, ಕೊಬ್ಬರಿ ಎಣ್ಣೆ, ಖರ್ಜೂರ, ಉಪ್ಪು, ಅಡಿಕೆ ಬಂದಿಳಿದು ಸುತ್ತಿನ ಹಳ್ಳಿಗಳಿಗೆ ಹಂಚಿಹೋಗುತ್ತಿದ್ದ ಜಾಗ, ಗೋಧಿ, ಕಾಳುಕಡಿ ಇಲ್ಲಿಂದ ಘಟ್ಟ ಇಳಿಯುತ್ತಿದ್ದವು. ಆ ವ್ಯಾಪಾರ ಸೊರಗಿತು, ಊರು ಉಳಿಯಿತು. ಅದರ ಪಡುವಣ ದಿಕ್ಕಿಗೆ ಖಾನಾಪುರ ತಾಲೂಕಿನ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿ, 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡ, ಅದರೊಳಗೆ ಗವಾಳಿ, ಆಮಗಾಂವ, ತಳೇವಾಡಿಯಂಥ ಹಳ್ಳಿಗಳು. ಮಳೆಗಾಲದಲ್ಲಿ ಅಲ್ಲಿಂದ ರೋಗಿಯನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಡಾಂಬರು ರಸ್ತೆಗೆ ತರುವ ಸುದ್ದಿ ವರ್ಷ ಬಿಟ್ಟು ವರ್ಷ ಪತ್ರಿಕೆಯಲ್ಲಿ ಬರುತ್ತದೆ. ಇಂಥ ಸೀಮೆಯಲ್ಲಿ ಕಿಡ್ನಿಯನ್ನು ಕೆಡಿಸುವುದು ಏನು ಎಂದು ಕೇಳಿದರೆ ಉತ್ತರ ಯಾವ ಡಯಾಲಿಸಿಸ್ ಪಠ್ಯದ ಮೊದಲ ಪುಟದಲ್ಲೂ ಸಿಗುವುದಿಲ್ಲ. ವಾಂತಿಭೇದಿಯಾಗಿ ಮೈಯ ನೀರು ಇಂಗುವುದು. ಗದ್ದೆಯ ಬದುವಿನಲ್ಲಿ ಕೊಳಕುಮಂಡಲ ಮುಟ್ಟುವುದು. ಇಲಿಜ್ವರ. ಹೆರಿಗೆಯ ರಕ್ತಸ್ರಾವ, ಬಿ.ಪಿ. ಏರುವ ಬಸಿರಿನ ನಂಜು, ಬಾಣಂತಿ ಜ್ವರ. ಇತ್ತೀಚಿನ ಮೂರು ದಶಕಗಳಲ್ಲಿ ಇವುಗಳ ಮೇಲೆ ಸಕ್ಕರೆ ಕಾಯಿಲೆ, ಬಿ.ಪಿ. ಬಂದು ಕೂತಿವೆ. ಕೊನೆಯ ಎರಡನ್ನು ಬಿಟ್ಟರೆ ಉಳಿದವೆಲ್ಲ ಒಂದೆರಡು ದಿನದಲ್ಲಿ, ಕೆಲವೊಮ್ಮೆ ಒಂದೆರಡು ತಾಸಿನಲ್ಲಿ ಕೆಲಸ ಮುಗಿಸುವಂಥವು. ಅಷ್ಟರೊಳಗೆ ಬೆಳಗಾವಿಯ ತಜ್ಞನ ಹತ್ತಿರ ಹೋಗುವುದು ಆಗದ ಮಾತು. ಹೋದರೂ ಕಿಡ್ನಿಗೆ ಆಗಬೇಕಾದ್ದು ಆಗಿರುತ್ತದೆ.

ರಕ್ತ ಹೋದಾಗ ಕಿಡ್ನಿಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ವಾದವೆಲ್ಲ ಅದರ ಮೇಲೆ ನಿಂತಿದೆ. ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ ಎರಡು ಕಿಡ್ನಿಗಳಿಗೇ ಹೋಗುತ್ತದೆ. ರಕ್ತದೊತ್ತಡ ಕುಸಿದರೆ ದೇಹ ಮೊದಲು ಮಿದುಳು, ಹೃದಯಗಳನ್ನು ಕಾಯುತ್ತದೆ. ಕಿಡ್ನಿಯ ಪಾಲನ್ನು ಕಡಿತಗೊಳಿಸುತ್ತದೆ. ಸ್ವಲ್ಪ ಹೊತ್ತಾದರೆ ನಷ್ಟವಿಲ್ಲ. ಹೊತ್ತು ಬೆಳೆದರೆ ಕಿಡ್ನಿಯ ಸೂಕ್ಷ್ಮ ನಾಳಗಳ ಒಳಪದರ ಸಾಯುತ್ತದೆ, ಮೂತ್ರ ನಿಲ್ಲುತ್ತದೆ. ಕೆಲವು ವಾರ ಆಧಾರ ಕೊಟ್ಟರೆ ಆ ಪದರ ಮತ್ತೆ ಚಿಗುರಬಹುದು. ಇದಕ್ಕಿಂತ ಕೆಟ್ಟದ್ದು ಕಿಡ್ನಿಯ ಹೊರಪದರವೇ ಸತ್ತುಹೋಗುವುದು. ಅದು ಬಹುತೇಕ ಮರಳಿ ಬಾರದು. ಈ ಎರಡನೆಯದು ಶ್ರೀಮಂತ ದೇಶಗಳಲ್ಲಿ ಅಪರೂಪವಾಗಿದ್ದ ಕಾಲದಲ್ಲೇ ಭಾರತದಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ಚುಘ್ ಮತ್ತು ಅವರ ಸಂಗಡಿಗರು 1994ರಲ್ಲಿ ಇಂಥ 113 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾರಣ ಬಸಿರು-ಹೆರಿಗೆಯ ತೊಡಕು. ಬಸಿರಿಗೆ ಸಂಬಂಧಿಸಿದ ತೀವ್ರ ಕಿಡ್ನಿ ವೈಫಲ್ಯ ಉತ್ತರ ಭಾರತದಲ್ಲಿ ದಶಕದಿಂದ ದಶಕಕ್ಕೆ ಕಡಿಮೆಯಾದದ್ದನ್ನೂ ಅದೇ ಚಂಡೀಗಡದ ದಾಖಲೆಗಳು ತೋರಿಸಿವೆ. ಕಡಿಮೆಯಾದದ್ದಕ್ಕೆ ಕಾರಣ ಡಯಾಲಿಸಿಸ್ ಯಂತ್ರ ಹೆಚ್ಚಿದ್ದಲ್ಲ. ಕದ್ದುಮುಚ್ಚಿ ಮಾಡುವ ಗರ್ಭಪಾತ 1971ರ ಕಾನೂನಿನ ಬಳಿಕ ಇಳಿಯುತ್ತ ಬಂತು, ಹೆರಿಗೆಗೆ ಕಲಿತ ಕೈಗಳು ಸಿಕ್ಕವು, ರಕ್ತ ಸಿಕ್ಕಿತು. ವಾಂತಿಭೇದಿಯ ಕಥೆಯೂ ಇಂಥದ್ದೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಕದಡಿಕೊಟ್ಟ ಉಪ್ಪು-ಸಕ್ಕರೆಯ ನೀರು ಎಷ್ಟು ಕಿಡ್ನಿಗಳನ್ನು ಉಳಿಸಿತು ಎಂದು ಲೆಕ್ಕ ಇಟ್ಟವರಿಲ್ಲ. ಅದನ್ನು ಕಿಡ್ನಿ ವೈದ್ಯದ ಖಾತೆಗೆ ಬರೆದುಕೊಂಡವರೂ ಇಲ್ಲ.

ಬೆಳಗಾವಿಗೆ ಮರಳೋಣ. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರ್ ತನಕ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಯಿತು. ಹಣ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳದ್ದು ಮತ್ತು ಗೇಟ್ಸ್ ಪ್ರತಿಷ್ಠಾನದ್ದು. ನಡೆಸಿದವರು ಮಿಸ್ಸೌರಿಯ ರಿಚರ್ಡ್ ಡರ್ಮನ್ ಮತ್ತು ಬೆಳಗಾವಿಯ ಬಿ. ಎಸ್. ಕೊಡಕಣಿ, ಶಿವಪ್ರಸಾದ ಗೌಡರ ಮೊದಲಾದವರು. ಹೆರಿಗೆ ಮಾಡಿಸಿ, ಮಾತ್ರೆ ನುಂಗಿಸಿ, ಡ್ರೇಪ್ ಹಾಸಿ ರಕ್ತ ಅಳೆದವರು 25 ಮಂದಿ ಸಹಾಯಕ ದಾದಿಯರು. 812 ಬಾಣಂತಿಯರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, 808 ಮಂದಿಗೆ ಔಷಧವಿಲ್ಲದ ಅದೇ ರೂಪದ ಮಾತ್ರೆ. ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಬಿಗಿಗೊಳಿಸುತ್ತದೆ, ರಕ್ತ ನಿಲ್ಲುತ್ತದೆ. ಇದೇ ಕೆಲಸ ಮಾಡುವ ಆಕ್ಸಿಟೋಸಿನ್ ಇಂಜೆಕ್ಷನ್ನಿಗೆ ತಂಪು ಬೇಕು, ಸೂಜಿ ಬೇಕು, ಸೂಜಿ ಹಾಕುವ ಅಧಿಕಾರ ಬೇಕು. ಮಾತ್ರೆಯನ್ನು ಪೊಟ್ಟಣದಲ್ಲಿ ಕಟ್ಟಿಕೊಂಡು ಕಾಡಿನ ದಾರಿ ನಡೆಯಬಹುದು. 2006ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಅತಿ ರಕ್ತಸ್ರಾವ ಆದವರು ಔಷಧವಿಲ್ಲದ ಗುಂಪಿನಲ್ಲಿ 100ಕ್ಕೆ 12, ಔಷಧ ಪಡೆದವರಲ್ಲಿ 6.4. ಒಂದು ಲೀಟರ್ ಮತ್ತು ಅದಕ್ಕಿಂತ ಹೆಚ್ಚು ರಕ್ತ ಕಳಕೊಂಡವರು 1.2ರಿಂದ 0.2ಕ್ಕೆ ಇಳಿದರು. ಹದಿನೆಂಟು ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿ ರಕ್ತಸ್ರಾವ ತಪ್ಪುತ್ತದೆ. ನಡುಕ, ಜ್ವರ ಕೆಲವರಿಗೆ ಬಂದುಹೋಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಆ ಪ್ರಯೋಗ ಕಿಡ್ನಿಯನ್ನು ಅಳೆಯಲಿಲ್ಲ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಂಬ ರಕ್ತದ ಅಂಶವನ್ನು ಯಾವ ಬಾಣಂತಿಯಲ್ಲೂ ನೋಡಲಿಲ್ಲ. ಹೀಗಿರುವಾಗ ಅದನ್ನು ಕಿಡ್ನಿ ವೈದ್ಯವೆಂದು ಕರೆದರೆ ಒಳ್ಳೆಯದನ್ನೆಲ್ಲ ನಮ್ಮದೆಂದು ಹೇಳಿಕೊಂಡಂತೆ ಆಗದೆ? ಆಗಬಹುದು. ಆದರೆ ಕಿಡ್ನಿ ವೈಫಲ್ಯದ ಬುಡದಲ್ಲಿರುವುದು ರಕ್ತದ ನಷ್ಟ. ನಷ್ಟ ತಪ್ಪಿದಲ್ಲಿ ಅದರ ಮುಂದಿನ ಮೆಟ್ಟಿಲೂ ತಪ್ಪುತ್ತದೆ ಎಂಬುದಕ್ಕೆ ಬೇರೆ ಪ್ರಯೋಗ ಬೇಕಿಲ್ಲ. ಸಂಬಂಧ ಇನ್ನೂ ಆಳದಲ್ಲೂ ಇದೆ. ಮನುಷ್ಯನ ಕಿಡ್ನಿಯ ಸೋಸುವ ಘಟಕಗಳು, ನೆಫ್ರಾನ್‌ಗಳು, ತಾಯ ಹೊಟ್ಟೆಯಲ್ಲಿ ಸುಮಾರು 36 ವಾರಗಳ ತನಕ ಹುಟ್ಟುತ್ತವೆ. ಆಮೇಲೆ ಒಂದೂ ಹೊಸದಾಗಿ ಹುಟ್ಟುವುದಿಲ್ಲ. ಅವಧಿಗೆ ಮುನ್ನ, ಕಡಿಮೆ ತೂಕದಲ್ಲಿ ಹುಟ್ಟಿದ ಕೂಸು ಕಡಿಮೆ ನೆಫ್ರಾನ್‌ಗಳೊಡನೆ ಬಾಳು ಶುರುಮಾಡುತ್ತದೆ, ದೊಡ್ಡದಾದಾಗ ಬಿ.ಪಿ., ಕಿಡ್ನಿ ಕಾಯಿಲೆಗಳಿಗೆ ಸುಲಭದಲ್ಲಿ ಸಿಕ್ಕುತ್ತದೆ ಎಂದು 1988ರಲ್ಲಿ ಬ್ಯಾರಿ ಬ್ರೆನ್ನರ್ ತಂಡ ಸೂಚಿಸಿತು. ಆ ಬಳಿಕದ ಅಧ್ಯಯನಗಳು ಅದನ್ನು ಗಟ್ಟಿಮಾಡಿವೆ. ಬ್ರೆನ್ನರ್ ಕಿಡ್ನಿ ಶಾಸ್ತ್ರದ ದೊಡ್ಡ ಹೆಸರು, ಅವರ ಪಠ್ಯವೇ ಆ ಶಾಸ್ತ್ರದ ಬೈಬಲ್ಲು. ಅವರ ಮಾತಿನ ಪ್ರಕಾರವೇ ನಡೆದರೆ, ಅವಧಿಪೂರ್ವ ಹೆರಿಗೆ ತಡೆಯುವುದು ಕಿಡ್ನಿ ವೈದ್ಯದ ಮೊದಲ ಪಾಠವಾಗಬೇಕು. ಆ ಪ್ರಯೋಗವೂ ಬೆಳಗಾವಿಗೆ ಬಂತು. ಭಾರತ, ಪಾಕಿಸ್ತಾನ, ಕೆನ್ಯಾ, ಜಾಂಬಿಯಾ, ಕಾಂಗೋ, ಗ್ವಾಟೆಮಾಲಾಗಳ 11,976 ಚೊಚ್ಚಲ ಬಸುರಿಯರಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಇಲ್ಲವೆ ಖಾಲಿ ಮಾತ್ರೆ ಕೊಟ್ಟು ನೋಡಿದ ಈ ಅಧ್ಯಯನದ ಭಾರತೀಯ ಕೇಂದ್ರಗಳಲ್ಲಿ ಬೆಳಗಾವಿಯೂ ಒಂದು. 2020ರ ವರದಿಯಂತೆ ಅವಧಿಪೂರ್ವ ಹೆರಿಗೆ 100ಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಇಳಿಕೆ ಸಣ್ಣದು, ಮಾತ್ರೆಯ ಬೆಲೆ ಅದಕ್ಕಿಂತ ಸಣ್ಣದು.

ಎರಡನೆಯ ಆಕ್ಷೇಪ ನೀತಿಯದು. ಪರದೇಶದ ಹಣ, ಪರದೇಶದ ಪ್ರಶ್ನೆ, ನಮ್ಮ ಬಡ ಹೆಂಗಸರ ಮೈ. ಅದರಲ್ಲೂ 808 ಮಂದಿಗೆ ಖಾಲಿ ಮಾತ್ರೆ ಕೊಟ್ಟು ರಕ್ತ ಹರಿಯುವುದನ್ನು ಅಳೆದರಲ್ಲ ಎಂಬ ಮಾತು. ಇದನ್ನು ತಳ್ಳಿಹಾಕಲು ಬರುವುದಿಲ್ಲ. ಆಗ ಆ ಹಳ್ಳಿಗಳಲ್ಲಿ ದಾದಿಯರು ಹೆರಿಗೆಯಲ್ಲಿ ಇಂಥ ಯಾವ ಔಷಧವನ್ನೂ ಕೊಡುವ ರೂಢಿ ಇರಲಿಲ್ಲ, ಹಾಗಾಗಿ ಯಾರಿಂದಲೂ ಏನನ್ನೂ ಕಿತ್ತುಕೊಂಡಂತೆ ಆಗಲಿಲ್ಲ ಎಂಬುದು ಸಂಶೋಧಕರ ಕಡೆಯ ಉತ್ತರ. ನನಗೆ ಆ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ: ರೂಢಿಯಲ್ಲಿ ಇಲ್ಲದಿರುವುದು ತಾನೇ ಒಂದು ಅನ್ಯಾಯ. ಆದರೂ ಪ್ರಯೋಗವನ್ನು ತೂಗುವಾಗ ಇನ್ನೊಂದು ಪ್ರಶ್ನೆ ಕೇಳಬೇಕು. ಮುಗಿದ ಮೇಲೆ ಅದರ ಫಲ ಯಾರ ಕೈಗೆ ಬಂತು ಎಂಬುದು. ಇಲ್ಲಿ ಫಲ ದಾದಿಯ ಚೀಲಕ್ಕೆ ಬಂತು, ದೇಶದ ಕಾರ್ಯಕ್ರಮಕ್ಕೆ ಬಂತು. ಫೆಲೊಶಿಪ್ಪುಗಳ ಜೊತೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಹೊರದೇಶದಲ್ಲಿ ಎರಡು ವರ್ಷ ಕಲಿತು ಬಂದವನ ಜ್ಞಾನ ಅವನ ಜೊತೆಗೇ ತಿರುಗಾಡುತ್ತದೆ. ಅವನು ಬೆಂಗಳೂರಿಗೆ ಹೋದರೆ ಅದೂ ಹೋಗುತ್ತದೆ, ಲಂಡನ್ನಿಗೆ ಹೋದರೆ ಅದೂ. ಬೆಳಗಾವಿಯ ಕೆಲಸ ಎರಡು ದಶಕ ನಿಂತದ್ದು ಅದರ ಕೆಳಗೆ ಸ್ಥಳೀಯ ಸಂಸ್ಥೆಯೊಂದು ಇದ್ದುದರಿಂದ. 1916ರಲ್ಲಿ ಏಳು ಮಂದಿ ಎಳೆಯರು ಒಂದು ಶಾಲೆಯಿಂದ ಶುರುಮಾಡಿದ ಕೆಎಲ್‌ಇ ಸಂಸ್ಥೆ 1963ರಲ್ಲಿ ವೈದ್ಯಕೀಯ ಕಾಲೇಜು ತೆರೆಯದೆ ಇದ್ದಿದ್ದರೆ ಮಿಸ್ಸೌರಿಯವರು ಬಂದು ಕೂರಲು ಜಾಗವೇ ಇರುತ್ತಿರಲಿಲ್ಲ. ಅಂತಾರಾಷ್ಟ್ರೀಯ ಎಂಬುದರ ಅರ್ಧ ಭಾರವನ್ನು ಯಾವಾಗಲೂ ಊರಿನವರೇ ಹೊತ್ತಿರುತ್ತಾರೆ, ವರದಿಯಲ್ಲಿ ಹೆಸರು ಮಾತ್ರ ಹಿಂದುಮುಂದಾಗುತ್ತದೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವೂ ಬೆಳಗಾವಿಯಲ್ಲೇ ಇದೆ. ಕ್ಲಿಪ್ ಎಂಬ ಪ್ರಯೋಗ 2014ರಿಂದ 2016ರ ತನಕ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆಯಿತು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ನಡೆಯಿತು. ಆಶಾ ಕಾರ್ಯಕರ್ತೆಯರೂ ದಾದಿಯರೂ ಬಸುರಿಯ ಮನೆಗೇ ಹೋಗಿ ಬಿ.ಪಿ. ನೋಡುವುದು, ಮೊಬೈಲ್ ಆ್ಯಪ್‌ನಲ್ಲಿ ಲಕ್ಷಣಗಳನ್ನು ತುಂಬಿ ಅಪಾಯದ ಅಂದಾಜು ಪಡೆಯುವುದು, ಒತ್ತಡ ಬಹಳ ಏರಿದ್ದರೆ ಮೀಥೈಲ್‌ಡೋಪಾ ಮಾತ್ರೆ, ನಂಜಿನ ಲಕ್ಷಣವಿದ್ದರೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು ದವಾಖಾನಿಗೆ ಕಳಿಸುವುದು ಯೋಜನೆ. ಕಾಗದದ ಮೇಲೆ ಇದಕ್ಕಿಂತ ಚೆಂದದ್ದು ಬೇಕೆ? ಮೂರು ದೇಶಗಳ 69,330 ಬಸಿರುಗಳನ್ನು ಕೂಡಿಸಿ ನೋಡಿದಾಗ ತಾಯಿ-ಕೂಸುಗಳ ಸಾವು, ತೊಡಕುಗಳಲ್ಲಿ ಒಟ್ಟಾರೆ ಇಳಿಕೆ ಕಾಣಲಿಲ್ಲ. ಹಳ್ಳಿಯ ಮಟ್ಟದಲ್ಲೇ ಕೆಲಸವಾಗುತ್ತದೆ ಎನ್ನುವವರಿಗೆ ಇದು ನುಂಗಲು ಕಷ್ಟದ ತುತ್ತು. ಆದರೆ ಅದೇ ವರದಿಯ ಒಳಗೆ ಇನ್ನೊಂದು ಅಂಕಿಯಿದೆ: ಎಂಟು ಸಲ ಅಥವಾ ಅದಕ್ಕಿಂತ ಹೆಚ್ಚು ಭೇಟಿ ದೊರೆತವರಲ್ಲಿ ಹೊಟ್ಟೆಯಲ್ಲೇ ಕೂಸು ಸಾಯುವುದು, ಹುಟ್ಟಿದ ಕೆಲ ದಿನದಲ್ಲಿ ಸಾಯುವುದು ಕಡಿಮೆಯಿತ್ತು. ಹೆಚ್ಚು ಭೇಟಿ ಸಿಕ್ಕವರು ಮೊದಲೇ ಸುಸ್ಥಿತಿಯವರಾಗಿರಬಹುದು, ಆದ್ದರಿಂದ ಈ ಅಂಕಿಯನ್ನು ಹಿಗ್ಗಿಸಬಾರದು. ಮಿಸೊಪ್ರೊಸ್ಟಾಲ್ ಗೆದ್ದು ಕ್ಲಿಪ್ ಸೋತದ್ದಕ್ಕೆ ನನಗೆ ಕಾಣುವ ಕಾರಣ ಬೇರೆ. ಮಾತ್ರೆಯ ಕೆಲಸ ದಾದಿಯ ಕೈಯಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ನಂಜಿನದು ಹಾಗಲ್ಲ, ಬಿ.ಪಿ. ಹೆಚ್ಚಿದೆಯೆಂದು ಗೊತ್ತಾದ ಮೇಲೆ ವಾಹನ, ರಸ್ತೆ, ಹಾಸಿಗೆ, ಸಿಸೇರಿಯನ್ ಮಾಡುವ ವೈದ್ಯ, ರಕ್ತನಿಧಿ ಎಲ್ಲವೂ ಸಾಲಾಗಿ ಸಿಗಬೇಕು. ಆಮಗಾಂವದಲ್ಲಿ ಆ್ಯಪ್ ಕೆಂಪು ದೀಪ ತೋರಿಸಿದರೆ ಡೋಲಿ ಹೊರುವವರ ಹೆಜ್ಜೆ ಬಿರುಸಾಗುವುದಿಲ್ಲ.

ಎಲ್ಲಕ್ಕಿಂತ ಬಿರುಸಾದ ಆಕ್ಷೇಪ ಡಯಾಲಿಸಿಸ್ ಕುರ್ಚಿಯಲ್ಲಿ ಕೂತವರದ್ದು. ಕಿಡ್ನಿ ಈಗಾಗಲೇ ಹೋದವರಿಗೆ ತಡೆಗಟ್ಟುವ ಮಾತು ಕೇಳಿ ಏನು ಪ್ರಯೋಜನ? ಸರಕಾರಗಳು ಹಣ ಉಳಿಸಲು ಇದೇ ಮಾತನ್ನು ಬಳಸುವುದಿಲ್ಲವೆ? ಬಳಸುತ್ತವೆ. 2010ರಲ್ಲಿ ಜಗತ್ತಿನಲ್ಲಿ ಡಯಾಲಿಸಿಸ್ ಇಲ್ಲವೆ ಕಸಿಯ ಆಧಾರದಲ್ಲಿ ಬದುಕಿದ್ದವರು ಸುಮಾರು 26 ಲಕ್ಷ. ಅದು ಸಿಗದೆ ಸತ್ತವರು ಕಡಿಮೆಯೆಂದರೂ 23 ಲಕ್ಷದ ಹತ್ತಿರ ಎಂದು 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಲೆಕ್ಕ ಹೇಳಿತು. ಸತ್ತವರಲ್ಲಿ ಹೆಚ್ಚಿನವರು ಏಷ್ಯ, ಆಫ್ರಿಕಗಳವರು. 2016ರ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸುವಾಗ, ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು ಸೇರುತ್ತಾರೆ, 3.4 ಕೋಟಿ ಹೆಚ್ಚುವರಿ ಡಯಾಲಿಸಿಸ್ ಬೇಕು, ಒಂದಕ್ಕೆ 2,000 ರೂಪಾಯಿಯಂತೆ ಒಬ್ಬ ರೋಗಿಗೆ ವರ್ಷಕ್ಕೆ 3 ಲಕ್ಷ ರೂಪಾಯಿಗೂ ಮೇಲೆ ಖರ್ಚು ಎಂದರು. ಕರ್ನಾಟಕ ತಾಲೂಕು ಆಸ್ಪತ್ರೆಗಳಿಗೂ ಯಂತ್ರ ಇಳಿಸಿತು. ಇದು ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ ಯಂತ್ರದ ಬಾಲ ಉದ್ದ. ನಾಲ್ಕು ತಾಸಿನ ಒಂದು ಡಯಾಲಿಸಿಸ್‌ಗೆ ಶುದ್ಧ ಮಾಡಿದ ನೀರೇ ಸುಮಾರು 120 ಲೀಟರ್ ಬೇಕು, ಎಡೆಬಿಡದ ಕರೆಂಟು ಬೇಕು, ತೋಳಿನ ಫಿಸ್ಟುಲಾಕ್ಕೆ ಎರಡು ಸೂಜಿ ಸರಿಯಾಗಿ ಹಾಕುವ ತಂತ್ರಜ್ಞ ಬೇಕು, ಅವನಿಗೆ ತಿಂಗಳಿಗೆ ಸಂಬಳ ಬೇಕು. ಗುತ್ತಿಗೆಯ ಜಗಳದಲ್ಲಿ ಸಂಬಳ ನಿಂತು 2023ರಲ್ಲಿ ರಾಜ್ಯದ ಡಯಾಲಿಸಿಸ್ ಸಿಬ್ಬಂದಿ ಮುಷ್ಕರ ಹೂಡಬೇಕಾಯಿತು. ತೊಳೆದು ಮತ್ತೆ ಬಳಸುವ ಡಯಲೈಸರ್ ಬಿಟ್ಟು ಒಂದೇ ಸಲ ಬಳಸುವುದಕ್ಕೆ ಸರಕಾರ ಹೊರಳತೊಡಗಿದ್ದು ಆ ಬಳಿಕ. ವಾರಕ್ಕೆ ಎರಡು-ಮೂರು ದಿನ ನಂದಗಡದಿಂದ ಬಸ್ಸು ಹಿಡಿದು ಹೋಗಿಬರುವವನ ಕೂಲಿ, ಜೊತೆಗೆ ಬರುವ ಮಗನ ಕೂಲಿ ಯಾವ ಯೋಜನೆಯ ಲೆಕ್ಕದಲ್ಲೂ ಸೇರಿಲ್ಲ. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಯಂತ್ರ ಕೊಟ್ಟವರೇ ಅದರ ಬಾಗಿಲಿಗೆ ಬರುವವರ ಸಾಲನ್ನು ಚಿಕ್ಕದು ಮಾಡುವ ಕೆಲಸಕ್ಕೂ ಹಣ ಕೊಡದಿದ್ದರೆ, ಆ ಸಾಲು ಯಂತ್ರಗಳನ್ನು ಯಾವಾಗಲೂ ಮೀರುತ್ತಿರುತ್ತದೆ.

ಸಾಲು ಚಿಕ್ಕದು ಮಾಡಲು ದೊಡ್ಡ ಶಾಸ್ತ್ರ ಬೇಕಿಲ್ಲ ಎಂದು ತೋರಿಸಿದವರು ಚೆನ್ನೈನ ಕಿಡ್ನಿ ತಜ್ಞ ಎಂ. ಕೆ. ಮಣಿ. ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ ಸುಮಾರು 25,000 ಜನರಿದ್ದ ಹಳ್ಳಿಗಳಲ್ಲಿ ಶಾಲೆ ಕಲಿತ ಹುಡುಗಿಯರನ್ನು ಮನೆಮನೆಗೆ ಕಳಿಸಿತು. ಅವರ ಕೈಯಲ್ಲಿ ಒಂದು ಬಿ.ಪಿ. ಯಂತ್ರ, ಎರಡು ದ್ರಾವಣ. ಸಲ್ಫೊಸ್ಯಾಲಿಸಿಲಿಕ್ ಆಮ್ಲ ಹಾಕಿದಾಗ ಮೂತ್ರ ಹಾಲು ಬೆರೆಸಿದಂತೆ ಕದಡಿದರೆ ಪ್ರೋಟೀನ್ ಸೋರುತ್ತಿದೆ. ಬೆನೆಡಿಕ್ಟ್ ದ್ರಾವಣದಲ್ಲಿ ಕುದಿಸಿ ಬಣ್ಣ ತಿರುಗಿದರೆ ಸಕ್ಕರೆ. ಸಿಕ್ಕವರಿಗೆ ಅತಿ ಅಗ್ಗದ ಹಳೆಯ ಔಷಧಗಳು, ರಿಸರ್ಪಿನ್‌ನಂಥವು. ದೊಡ್ಡ ಆಸ್ಪತ್ರೆಯ ವೈದ್ಯರು ಮೂಗು ಮುರಿಯುವ ಔಷಧಗಳಿವು. ಆದರೂ ಹೆಚ್ಚಿನವರ ಬಿ.ಪಿ.ಯೂ ಸಕ್ಕರೆಯೂ ಹತೋಟಿಗೆ ಬಂದವು. ಹೊರದೇಶದವರು ಮಣಿಯವರಿಗೆ ಕಲಿಸಿದ್ದಕ್ಕಿಂತ ಮಣಿಯವರಿಂದ ಕಲಿತದ್ದು ಹೆಚ್ಚು. ಅಂತಾರಾಷ್ಟ್ರೀಯ ಸೊಸೈಟಿಯ ಪತ್ರಿಕೆಯಲ್ಲೇ ಅವರ ವರದಿ ಬಂತು, ತಡೆಗಟ್ಟುವ ಕೆಲಸದ ಮಾದರಿಯೆಂದು ಬೇರೆ ದೇಶದವರು ಅದನ್ನು ಎತ್ತಿ ಹೇಳಿದರು. ಬೆಳಗಾವಿಯ ಹಾಳೆಯ ದಾರಿಯೂ ಅಂಥದ್ದೇ. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ 2,10,132 ಹೆರಿಗೆಗಳ ಇ-ಮೋಟಿವ್ ಅಧ್ಯಯನ ಪ್ರಕಟವಾಯಿತು. ಅಲ್ಲಿ ಮಾಡಿದ್ದು ಗೆರೆ ಹಾಕಿದ ಇಂಥದೇ ಹಾಳೆಯಿಂದ ರಕ್ತ ಅಳೆದು, ಮಿತಿ ದಾಟುತ್ತಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡುವುದು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಇವೆಲ್ಲ ಸೇರಿ 100ಕ್ಕೆ 60ರಷ್ಟು ಇಳಿದವು.

ಹೆರಿಗೆ ಈಗ ಆಸ್ಪತ್ರೆಯಲ್ಲೇ ಆಗುತ್ತದಲ್ಲ, ಈ ಮಾತೆಲ್ಲ ಹಳೆಯದಾಯಿತು ಎನ್ನುವವರಿದ್ದಾರೆ. ರಾಜ್ಯದಲ್ಲಿ ಆಸ್ಪತ್ರೆಯ ಹೆರಿಗೆ 2005–06ರಲ್ಲಿ 100ಕ್ಕೆ ಸುಮಾರು 65 ಇದ್ದದ್ದು 2019–20ಕ್ಕೆ 97 ಆಯಿತು. ಲಕ್ಷ ಜನನಕ್ಕೆ 228 ಇದ್ದ ತಾಯಂದಿರ ಸಾವು 2018–20ಕ್ಕೆ 69ಕ್ಕೆ ಇಳಿಯಿತು. ಹೆಮ್ಮೆಯ ಅಂಕಿಗಳೇ. ಆದರೆ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸರಕಾರಿ ಆಸ್ಪತ್ರೆಯ ಸಿಸೇರಿಯನ್ ಆದ ಕೆಲವು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹಾಸಿಗೆ ಹಿಡಿದರು, ಐವರು ತೀರಿಕೊಂಡರು. ಕಿಡ್ನಿ ಮತ್ತು ಇತರ ಅಂಗಗಳು ಸೋತಿದ್ದವು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಸಲೈನಿನ ಗುಣಮಟ್ಟದ ಮೇಲೆ ಸಂಶಯ ಬಂದು ಸರಕಾರ ಅದರ ಬಳಕೆ ನಿಲ್ಲಿಸಿತು, ತನಿಖೆ ನಡೆಸಿತು. ಹೆರಿಗೆ ಕೋಣೆ ಕಿಡ್ನಿಯ ಮೊದಲ ಕಾವಲು ಎಂಬುದಕ್ಕೆ ಇದಕ್ಕಿಂತ ಕಹಿ ಪುರಾವೆ ಬೇಡ. ಗದ್ದೆಯ ಕಡೆಗೂ ಒಂದು ಮಾತು: ದೇಶದಲ್ಲಿ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಮಂದಿ ಸಾಯುತ್ತಾರೆ, ಕೊಳಕುಮಂಡಲದ ವಿಷಕ್ಕೆ ಸಾಯದೆ ಉಳಿದವರಲ್ಲೂ ಹಲವರ ಕಿಡ್ನಿ ಕೆಡುತ್ತದೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಣಿಕೆ ಶುರುವಾದರೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಷನಿವಾರಕ ಇಲ್ಲ ಎಂಬುದೂ ಹೊರಬೀಳುತ್ತದೆ.

ಅಂತಾರಾಷ್ಟ್ರೀಯ ಸೊಸೈಟಿಯೂ ತಡವಾಗಿ ಈ ದಾರಿಗೆ ಬಂತು. 2013ರಲ್ಲಿ ಅದು ಸೊನ್ನೆಯ ಗುರಿಯೊಂದನ್ನು ಹಾಕಿಕೊಂಡಿತು: ಬಡ ದೇಶಗಳಲ್ಲಿ ತೀವ್ರ ಕಿಡ್ನಿ ವೈಫಲ್ಯಕ್ಕೆ ಚಿಕಿತ್ಸೆ ಸಿಗದೆ 2025ರ ಹೊತ್ತಿಗೆ ಒಬ್ಬರೂ ಸಾಯಬಾರದು. ನೇಪಾಳ, ಮಲಾವಿ, ಬೊಲಿವಿಯಾಗಳ ಆರೋಗ್ಯ ಕೇಂದ್ರಗಳಲ್ಲಿ ಬೆರಳ ತುದಿಯ ರಕ್ತದಿಂದ ಕ್ರಿಯಾಟಿನಿನ್ ನೋಡುವ ಪ್ರಯತ್ನ ನಡೆಯಿತು. 2018ರಲ್ಲಿ ವಿಶ್ವ ಕಿಡ್ನಿ ದಿನವೂ ಮಹಿಳಾ ದಿನವೂ ಮಾರ್ಚ್ 8ರಂದೇ ಬಂದು, ಆ ವರ್ಷದ ವಿಷಯ ಹೆಂಗಸರ ಕಿಡ್ನಿ ಆರೋಗ್ಯವಾಯಿತು. 2025 ಬಂತು, ಹೋಯಿತು, ಸೊನ್ನೆ ಬರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಕಿಡ್ನಿ ಆರೋಗ್ಯದ ಬಗ್ಗೆ ಠರಾವು ಅಂಗೀಕರಿಸಿ, ಸದಸ್ಯ ದೇಶಗಳು ತಮ್ಮ ಕಾರ್ಯಕ್ರಮಗಳಲ್ಲಿ ಕಿಡ್ನಿಯನ್ನು ಸೇರಿಸಬೇಕೆಂದಿತು. ಖಾನಾಪುರ ತಾಲೂಕಿನಲ್ಲಿ ಅದನ್ನು ಜಾರಿಮಾಡಲು ಹೊಸದಾಗಿ ಕಟ್ಟಬೇಕಾದ್ದು ಕಡಿಮೆ. ಪ್ರತಿ ಬಸುರಿಯ ತಾಯಿ ಕಾರ್ಡಿನಲ್ಲಿ ಬಿ.ಪಿ.ಗೂ ಮೂತ್ರದ ಅಲ್ಬುಮಿನ್‌ಗೂ ಅಂಕಣಗಳಿವೆ. ಎಳೆಯ ವಯಸ್ಸಿನ ಇಷ್ಟು ಜನರ ಕಿಡ್ನಿ ಪರೀಕ್ಷೆ ಸರಕಾರದ ಬೇರೆ ಯಾವ ಕಾರ್ಯಕ್ರಮದಲ್ಲೂ ಆಗುವುದಿಲ್ಲ. ತೊಡಕಿರುವುದು ಹೆರಿಗೆಯ ಆಚೆಗೆ. ಮೊದಲ ಬಸಿರಿನಲ್ಲಿ ನಂಜಾದವಳಿಗೆ ಮುಂದೆ ಕಿಡ್ನಿ ಪೂರ್ತಿ ವಿಫಲವಾಗುವ ಅಪಾಯ ಇತರರಿಗಿಂತ ಸುಮಾರು 4.7 ಪಟ್ಟು ಎಂದು ನಾರ್ವೆಯ 5,70,433 ಹೆಂಗಸರ ದಾಖಲೆಗಳನ್ನು ನೋಡಿ 2008ರಲ್ಲಿ ಹೇಳಿದ್ದಾರೆ. ನಮ್ಮಲ್ಲಿ ಹೆರಿಗೆ, ಲಸಿಕೆ ಮುಗಿದ ಮೇಲೆ ತಾಯಿ ಕಾರ್ಡಿನ ಕೆಲಸ ಮುಗಿಯುತ್ತದೆ. ಬಿ.ಪಿ., ಸಕ್ಕರೆಗಾಗಿ ಮನೆಮನೆಗೆ ಬರುವ ಸರಕಾರಿ ತಪಾಸಣೆ ಶುರುವಾಗುವುದು 30 ತುಂಬಿದವರಿಂದ. ಇಪ್ಪತ್ತರಲ್ಲಿ ನಂಜಾಗಿ ಬದುಕಿ ಉಳಿದವಳು ನಡುವಿನ ಹತ್ತು ವರ್ಷ ಯಾರ ರಿಜಿಸ್ಟರಿನಲ್ಲೂ ಇರುವುದಿಲ್ಲ. ಕಾರ್ಡಿಗೆ ಇನ್ನೊಂದು ಅಂಕಣ ಸೇರಿಸಿ, ಹೆರಿಗೆಯಾದ ಮೂರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅವಳ ಬಿ.ಪಿ., ಮೂತ್ರ, ಕ್ರಿಯಾಟಿನಿನ್ ನೋಡುವ ಕೆಲಸವನ್ನು ಆಶಾ ಕಾರ್ಯಕರ್ತೆಗೆ ವಹಿಸಿ, ಆ ಭೇಟಿಗೆ ಅವಳಿಗೆ ಸಲ್ಲಬೇಕಾದ ಹಣವನ್ನೂ ಗೊತ್ತುಮಾಡಬಹುದು. ಅದಕ್ಕೆ ಜಿನೀವಾದ ಠರಾವು ಬೇಕಿರಲಿಲ್ಲ, ಬಂದಿರುವುದರಿಂದ ಆದರೂ ಬೆಂಗಳೂರು ಆ ಆದೇಶ ಹೊರಡಿಸಬಹುದು.